ಬಸ್ ಕೇಳಬೇಡಿ, ಬಸ್ ಓಡುವ ಗಂಟೆ ಕೇಳಿ

"ನಮ್ಮ ರೂಟಿಗೆ ಹೊಸ ಬಸ್ ಬಿಡಿ" ಎಂದು ಪ್ರಯಾಣಿಕರು ಒಟ್ಟಾಗಿ ಗಲಾಟೆ ಮಾಡಿದರೆ ಎಷ್ಟೋ ಸಲ ಹೊಸ ಬಸ್ ಬಂದೇ ಬರುತ್ತದೆ. ರಿಬ್ಬನ್ ಕತ್ತರಿಸುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಆ ಬಸ್ ದಿನದ ಅರ್ಧ ಹೊತ್ತು ಡಿಪೋದಲ್ಲೇ ನಿಂತಿರುತ್ತದೆ. ಸ್ಟಾಪಿನಲ್ಲಿ ಜನ ಮೊದಲಿನಷ್ಟೇ ಹೊತ್ತು ಕಾಯುತ್ತಿರುತ್ತಾರೆ. ಇದರಲ್ಲಿ ಯಾರ ಮೋಸವೂ ಇಲ್ಲ. ಕೇಳಿದ್ದು ಬಸ್, ಕೊಟ್ಟದ್ದೂ ಬಸ್. ಅದನ್ನು ಓಡಿಸುವ ದುಡ್ಡನ್ನು ಯಾರೂ ಕೇಳಿರಲಿಲ್ಲ.

ಸಾರಿಗೆ ಸಂಸ್ಥೆಯ ಹಣ ಎರಡು ಬೇರೆ ಬೇರೆ ಲೆಕ್ಕಗಳಲ್ಲಿ ಇರುತ್ತದೆ. ಬಸ್, ಹಳಿ, ಡಿಪೋ, ನಿಲ್ದಾಣ ಇವೆಲ್ಲ ಬಂಡವಾಳ ವೆಚ್ಚ. ಡ್ರೈವರ್ ಮತ್ತು ಮೆಕ್ಯಾನಿಕ್‌ಗಳ ಸಂಬಳ, ಇಂಧನ, ಟೈರು, ಬಿಡಿಭಾಗ, ವಿಮೆ ಇವು ಕಾರ್ಯಾಚರಣೆ ವೆಚ್ಚ. ಮೊದಲನೆಯದಕ್ಕೆ ಕೇಂದ್ರ ಸರ್ಕಾರಗಳು, ಅಭಿವೃದ್ಧಿ ಬ್ಯಾಂಕುಗಳು, ಸಾಲ ಕೊಡುವವರು ಸುಲಭವಾಗಿ ಸಿಗುತ್ತಾರೆ, ಏಕೆಂದರೆ ತೋರಿಸಲು ಒಂದು ವಸ್ತು ಇರುತ್ತದೆ. ಎರಡನೆಯದಕ್ಕೆ ಪ್ರತಿ ವರ್ಷ ಕೈ ಚಾಚಬೇಕು. ಬಸ್ ಕೊಡಿಸಿ ಓಡಿಸಲು ದುಡ್ಡು ಇಡದಿರುವುದು ಎತ್ತು ಕೊಡಿಸಿ ಹುಲ್ಲಿಗೆ ಕಾಸು ಕೊಡದ ಹಾಗೆ. ಪ್ರಾದೇಶಿಕ ಸಾರಿಗೆಗೆ ಹಣ ಕೇಳಲು ಪ್ರಯಾಣಿಕರನ್ನು ಒಟ್ಟುಗೂಡಿಸುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ನಮ್ಮ ಬೇಡಿಕೆ ಯಾವ ಲೆಕ್ಕದ ದುಡ್ಡು?

ಅಮೆರಿಕದ ಫಿಲಡೆಲ್ಫಿಯಾ ನಗರದ ಸಾರಿಗೆ ಸಂಸ್ಥೆ ಸೆಪ್ಟಾದ ಕಥೆ ಈಚಿನದು. 21.3 ಕೋಟಿ ಡಾಲರ್ ಕಾರ್ಯಾಚರಣೆ ಕೊರತೆ ಎದುರಾಗಿ 2025ರ ಆಗಸ್ಟ್ 24ರಂದು 32 ಬಸ್ ಮಾರ್ಗಗಳನ್ನು ಅದು ನಿಲ್ಲಿಸಿತು. ಕೊನೆಗೆ ರಾಜ್ಯ ಸರ್ಕಾರ ಒಪ್ಪಿದ್ದು ಹೊಸ ಹಣಕ್ಕಲ್ಲ. ಬಂಡವಾಳ ನಿಧಿಯಿಂದ 39.4 ಕೋಟಿ ಡಾಲರ್‌ವರೆಗೆ ತೆಗೆದು ಎರಡು ವರ್ಷ ಬಸ್ ಓಡಿಸಿಕೊಳ್ಳಿ ಎಂದಿತು. ಬಸ್ಸುಗಳು ರಸ್ತೆಗೆ ಮರಳಿದವು, ಹಳಿ ಮತ್ತು ಗಾಡಿಗಳ ದುರಸ್ತಿಗೆ ಇಟ್ಟಿದ್ದ ದುಡ್ಡು ಕರಗತೊಡಗಿತು. ಇಂಥ ತೇಪೆಯನ್ನು ಗೆಲುವೆಂದು ಘೋಷಿಸಿ ಮನೆಗೆ ಹೋದರೆ ಎರಡು ವರ್ಷದ ನಂತರ ಮತ್ತೆ ಅದೇ ಜನರನ್ನು, ಇನ್ನೂ ಕಡಿಮೆ ನಂಬಿಕೆಯಲ್ಲಿ, ಬೀದಿಗೆ ಕರೆಯಬೇಕಾಗುತ್ತದೆ.

ಗಂಟೆಯ ಲೆಕ್ಕ

ಬೇಡಿಕೆಯನ್ನು ಸಂಸ್ಥೆಯ ಭಾಷೆಗೆ ತರಲು ಪೆನ್ನು, ಕಾಗದ ಸಾಕು. ಒಂದು ರೂಟಿನಲ್ಲಿ ಹೋಗಲು 40 ನಿಮಿಷ, ಬರಲು 40, ಎರಡು ತುದಿಯಲ್ಲೂ ಐದೈದು ನಿಮಿಷದ ಬಿಡುವು ಎಂದುಕೊಳ್ಳಿ. ಒಂದು ಸುತ್ತು 90 ನಿಮಿಷ. 15 ನಿಮಿಷಕ್ಕೊಂದು ಬಸ್ ಬೇಕಾದರೆ 90ನ್ನು 15ರಿಂದ ಭಾಗಿಸಿ: 6 ಬಸ್. 10 ನಿಮಿಷಕ್ಕೊಂದು ಬೇಕಾದರೆ 9 ಬಸ್. ಹೆಚ್ಚುವರಿ 3 ಬಸ್ ದಿನಕ್ಕೆ 16 ಗಂಟೆ ಓಡಿದರೆ 48 ಸರ್ವೀಸ್ ಗಂಟೆ, ವರ್ಷವಿಡೀ ಓಡಿದರೆ 17,520 ಗಂಟೆ. ಇದರ ಮೇಲೆ ರಿಪೇರಿಗೆ ನಿಂತ ಗಾಡಿಗಳ ಬದಲಿಗೆ ಸ್ಪೇರ್ ಬಸ್ ಬೇಕು. ಅಮೆರಿಕದ ಒಕ್ಕೂಟ ಸರ್ಕಾರ ದೊಡ್ಡ ಬಸ್ ಪಡೆಗಳಿಗೆ ಸಾಮಾನ್ಯವಾಗಿ ಶೇ. 20ರವರೆಗೆ ಒಪ್ಪುತ್ತದೆ.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ನಿಜವಾದ ಅವಕಾಶ ಇರುವುದು ಮುಂದೆ. ಬಸ್ಸುಗಳ ಸಂಖ್ಯೆ ನಿಗದಿಯಾಗುವುದು ಪೀಕ್ ಅವರ್‌ನ ಅಗತ್ಯಕ್ಕೆ. ರಾತ್ರಿ ಎಂಟರ ಮೇಲೆ, ಮಧ್ಯಾಹ್ನ, ಭಾನುವಾರ ಅದರಲ್ಲಿ ಎಷ್ಟೋ ಗಾಡಿ ಡಿಪೋದಲ್ಲಿ ಸುಮ್ಮನೆ ನಿಂತಿರುತ್ತವೆ. ಅದೇ ರೂಟಿನಲ್ಲಿ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಅರ್ಧ ಗಂಟೆಗೊಂದು ಇರುವ ಬಸ್ಸನ್ನು ಕಾಲು ಗಂಟೆಗೊಂದು ಮಾಡಲು 3 ಬಸ್ ಬದಲು 6 ಬೇಕು. ದಿನಕ್ಕೆ 9 ಗಂಟೆ, ವರ್ಷಕ್ಕೆ 3,285 ಗಂಟೆ. ಒಂದೇ ಒಂದು ಹೊಸ ಬಸ್ ಕೊಳ್ಳಬೇಕಿಲ್ಲ. ಆಸ್ಪತ್ರೆ, ಹೋಟೆಲು, ಗೋದಾಮಿನಲ್ಲಿ ಪಾಳಿ ಮುಗಿಸಿ ಬರುವವರಿಗೆ ಇದರಷ್ಟು ದೊಡ್ಡ ಉಪಕಾರ ಮತ್ತೊಂದಿಲ್ಲ. ಹೊಸ ಸಂಘಟನೆಯ ಮೊದಲ ಬೇಡಿಕೆ ಇದೇ ಆಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ: ಅಗ್ಗ, ಬೇಗ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ.

ಒಂದು ಗಂಟೆಗೆ ಎಷ್ಟು ಖರ್ಚು ಎಂದು ಸಂಸ್ಥೆಯನ್ನು ಕೇಳಿದರೆ ಅವರು ಸರಾಸರಿ ಹೇಳುತ್ತಾರೆ: ವರ್ಷದ ಇಡೀ ಕಾರ್ಯಾಚರಣೆ ವೆಚ್ಚವನ್ನು ಒಟ್ಟು ಸರ್ವೀಸ್ ಗಂಟೆಯಿಂದ ಭಾಗಿಸಿದ ಮೊತ್ತ. ಅದರಲ್ಲಿ ಕೇಂದ್ರ ಕಚೇರಿಯ ಬಾಡಿಗೆಯಿಂದ ಹಿಡಿದು ಮೇಲಧಿಕಾರಿಗಳ ಸಂಬಳದವರೆಗೆ ಎಲ್ಲ ಸೇರಿರುತ್ತದೆ. ನಿಂತಿರುವ ಬಸ್ಸನ್ನು ಇನ್ನು ಮೂರು ಗಂಟೆ ಹೆಚ್ಚು ಓಡಿಸಲು ಕಚೇರಿಯ ಬಾಡಿಗೆ ಏರುವುದಿಲ್ಲ. ಆದ್ದರಿಂದ "ಹೆಚ್ಚುವರಿ ಗಂಟೆಯ ವೆಚ್ಚ ಎಷ್ಟು" ಎಂದು ಬಿಡಿಸಿ ಕೇಳಿ, ಲಿಖಿತವಾಗಿ ಕೇಳಿ. ಎರಡು ಅಂಕಿಗಳ ನಡುವೆ ಸಾಕಷ್ಟು ಅಂತರ ಇರುತ್ತದೆ. ಬೇಡಿಕೆ "ದುಬಾರಿ" ಎಂದು ತಳ್ಳಿಹೋಗುವುದು ಈ ಅಂತರದಲ್ಲಿಯೇ.

ಇನ್ನೊಂದು ಲೆಕ್ಕ ವಿರೋಧಿಗಳ ಬಾಯಿಗೆ ಬೀಗ ಹಾಕುವಂಥದ್ದು. ಟ್ರಾಫಿಕ್ ಹೆಚ್ಚಿ ಅದೇ 90 ನಿಮಿಷದ ಸುತ್ತು 105 ನಿಮಿಷವಾದರೆ, ಅದೇ 6 ಬಸ್ಸಿನಲ್ಲಿ ಅಂತರ 15ರಿಂದ 17.5 ನಿಮಿಷಕ್ಕೆ ಜಾರುತ್ತದೆ. ಹಳೆಯ ಅಂತರ ಉಳಿಸಿಕೊಳ್ಳಲು ಏಳನೆಯ ಬಸ್ ಬೇಕು. ಅಂದರೆ ಒಂದು ಬಸ್ಸಿನ, ಅದರ ಡ್ರೈವರುಗಳ ಪೂರ್ತಿ ಖರ್ಚು ಪ್ರಯಾಣಿಕರಿಗೆ ಒಂದು ನಿಮಿಷದ ಉಪಕಾರವನ್ನೂ ಮಾಡದೆ ಟ್ರಾಫಿಕ್ಕಿಗೆ ಸುರಿದಂತೆ. ಬಸ್ ಲೇನ್ ಬೇಕು ಎನ್ನುವುದನ್ನು ಹಣದ ಬೇಡಿಕೆಯ ಜೊತೆಗೇ ಕಟ್ಟಬೇಕಾದದ್ದು ಇದಕ್ಕೆ. "ಮೊದಲು ಇರುವ ದುಡ್ಡನ್ನು ಸರಿಯಾಗಿ ಬಳಸಲಿ" ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗದು.

ದುಡ್ಡು ಎಲ್ಲಿಂದ

"ಸರ್ಕಾರ ಕೊಡಲಿ" ಎನ್ನುವುದು ಘೋಷಣೆಗೆ ಸರಿ. ಮೂಲವನ್ನು ಹೆಸರಿಸದ ಬೇಡಿಕೆಯನ್ನು ಹಣಕಾಸು ಇಲಾಖೆಯವರು ನಕ್ಕು ಬದಿಗಿಡುತ್ತಾರೆ. ಮೂಲಗಳು ಹೆಚ್ಚಿಲ್ಲ. ಪ್ರತಿಯೊಂದಕ್ಕೂ ಅದರದೇ ಕುತ್ತು ಇದೆ.

ಮಾರಾಟ ತೆರಿಗೆಯ ಮೇಲೆ ಅರ್ಧ ಅಥವಾ ಒಂದು ಶೇಕಡಾ ಹೇರುವುದು ಅಮೆರಿಕದಲ್ಲಿ ರೂಢಿ. ವಸೂಲಿ ಸುಲಭ, ಮೊತ್ತ ದೊಡ್ಡದು. ಆದರೆ ಬಡವರ ಆದಾಯದಲ್ಲಿ ಹೆಚ್ಚಿನ ಪಾಲು ಹೋಗುವುದು ಖರೀದಿಗೇ ಆದ್ದರಿಂದ ಹೊರೆ ಬಸ್ ಹತ್ತುವವರ ಮೇಲೆಯೇ ಬೀಳುತ್ತದೆ, ಆರ್ಥಿಕತೆ ಕುಸಿದ ವರ್ಷ ಆದಾಯವೂ ಕುಸಿಯುತ್ತದೆ. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ ಶುರುವಾದ ಪದ್ಧತಿಯಂತೆ ಕಂಪನಿಗಳು ತಾವು ಕೊಡುವ ಸಂಬಳದ ಮೊತ್ತದ ಮೇಲೆ ಸಾರಿಗೆ ತೆರಿಗೆ ಕಟ್ಟುತ್ತವೆ. ಈಗ 11 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯ. ನೌಕರರು ಸಮಯಕ್ಕೆ ಬರುವುದರ ಲಾಭ ಕಂಪನಿಗೂ ಇದೆ ಎಂಬ ತರ್ಕ. ನನಗೆ ಇದು ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ, ಆದರೆ ಉದ್ಯಮ ಸಂಘಗಳು ಮೊದಲ ದಿನದಿಂದಲೇ ಎದುರು ನಿಲ್ಲುತ್ತವೆ ಎಂದು ತಿಳಿದೇ ಹೊರಡಬೇಕು.

ಇಂಧನದ ಮೇಲಿನ ತೆರಿಗೆಯಲ್ಲಿ ಒಂದು ಹಳ್ಳ ಇದೆ. ಅಮೆರಿಕದ ಒಕ್ಕೂಟ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್. 1993ರಿಂದ ಅಷ್ಟೇ ಇದೆ. ಶೇಕಡಾವಾರು ಆಗಿರದೆ ನಿಗದಿತ ಮೊತ್ತ ಆಗಿದ್ದರಿಂದ ಬೆಲೆ ಏರಿಕೆ ಅದನ್ನು ವರ್ಷ ವರ್ಷ ತಿಂದುಹಾಕಿತು. ವಾಹನ ನೋಂದಣಿ ಶುಲ್ಕ, ಪಾರ್ಕಿಂಗ್ ಶುಲ್ಕ, ಯಾವುದೇ ಆಗಲಿ, ಬೆಲೆ ಸೂಚ್ಯಂಕಕ್ಕೆ ಜೋಡಿಸುವ ಒಂದು ಸಾಲನ್ನು ಕರಡಿನಲ್ಲಿ ಬರೆಸದಿದ್ದರೆ ಹತ್ತು ವರ್ಷದಲ್ಲಿ ಗೆದ್ದದ್ದು ಸವೆದುಹೋಗುತ್ತದೆ.

ನ್ಯೂಯಾರ್ಕಿನ ಮ್ಯಾನ್‌ಹಟನ್ ದಕ್ಷಿಣ ಭಾಗಕ್ಕೆ ಬರುವ ಕಾರುಗಳಿಗೆ 2025ರ ಜನವರಿ 5ರಿಂದ ಪೀಕ್ ಹೊತ್ತಿನಲ್ಲಿ 9 ಡಾಲರ್ ಶುಲ್ಕ ಇದೆ. ಪ್ರಯಾಣಿಕರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿ ತಂದದ್ದು. ಗಮನಿಸಬೇಕಾದದ್ದು, ಆ ಆದಾಯದ ಮೇಲೆ ಎತ್ತುವ 1,500 ಕೋಟಿ ಡಾಲರ್ ಸಾಲ ಬಂಡವಾಳ ಕಾಮಗಾರಿಗೆ: ಸಿಗ್ನಲ್, ಲಿಫ್ಟ್, ಹೊಸ ಗಾಡಿ. ಶೇ. 80 ನಗರದ ಸಬ್‌ವೇ ಮತ್ತು ಬಸ್ಸಿಗೆ, ಹತ್ತತ್ತು ಶೇಕಡಾ ಎರಡು ಉಪನಗರ ರೈಲು ಜಾಲಗಳಿಗೆ ಎಂದು ಹಂಚಿಕೆಯೂ ಕಾನೂನಿನಲ್ಲೇ ಇದೆ. ನಿಮ್ಮ ರೂಟಿನ ರಾತ್ರಿ ಬಸ್ ಇದರಿಂದ ಬರುವುದಿಲ್ಲ.

ಟಿಕೆಟ್ ದರ ಏರಿಸಿದರೆ ಸಾಲದೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಸಾರಿಗೆಯವರ ಹಳೆಯ ಅಂದಾಜಿನಲ್ಲಿ ದರ ಶೇ. 10 ಏರಿದರೆ ಪ್ರಯಾಣಿಕರು ಸುಮಾರು ಶೇ. 3 ಕಡಿಮೆಯಾಗುತ್ತಾರೆ. ಆದಾಯ ಸ್ವಲ್ಪ ಏರುತ್ತದೆ, ಜನ ಇಳಿಯುತ್ತಾರೆ. ಜನ ಇಳಿದ ಅಂಕಿಯನ್ನೇ ಮುಂದಿಟ್ಟುಕೊಂಡು ಮುಂದಿನ ವರ್ಷ ಟ್ರಿಪ್ ಕಡಿತವಾಗುತ್ತದೆ. ಈ ಸುಳಿಗೆ ಸಿಕ್ಕ ಜಾಲವನ್ನು ಹೊರಗೆಳೆಯುವುದು ಬಹಳ ಕಷ್ಟ.

ಒಮ್ಮೆ ಮಾತ್ರ ಬರುವ ದುಡ್ಡನ್ನೂ ನಂಬಬೇಡಿ. ಕೊರೊನಾ ಕಾಲದಲ್ಲಿ, 2020 ಮತ್ತು 2021ರಲ್ಲಿ, ಅಮೆರಿಕದ ಸಂಸತ್ತು ಮೂರು ಕಂತಿನಲ್ಲಿ ಸುಮಾರು 6,900 ಕೋಟಿ ಡಾಲರ್ ಸಾರಿಗೆ ಸಂಸ್ಥೆಗಳಿಗೆ ಕೊಟ್ಟಿತು. ಬಸ್ಸುಗಳು ಓಡಿದವು, ಕೆಳಗಿದ್ದ ಗುಂಡಿ ಕಾಣಲಿಲ್ಲ. ನೆರವು ಮುಗಿದಂತೆ ದೊಡ್ಡ ನಗರಗಳೆಲ್ಲ ಒಂದರ ಹಿಂದೊಂದು ಕೊರತೆಯ ಪ್ರಕಟಣೆ ಹೊರಡಿಸಿದವು.

ಜನರನ್ನು ಎಲ್ಲಿ ಹಿಡಿಯುವುದು

ಪ್ರಯಾಣಿಕರ ಸಂಘಟನೆಗೆ ಬೇರೆ ಯಾವ ಚಳವಳಿಗೂ ಇಲ್ಲದ ಒಂದು ಅನುಕೂಲ ಇದೆ. ನಿಮಗೆ ಬೇಕಾದ ಜನ ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಏನೂ ಕೆಲಸವಿಲ್ಲದೆ ನಿಂತಿರುತ್ತಾರೆ. ಅಲ್ಲಿಗೆ ಹೋಗದೆ ಫೇಸ್‌ಬುಕ್ಕಿನಲ್ಲಿ ಹುಡುಕುವವರನ್ನು ಕಂಡರೆ ನನಗೆ ಸೋಜಿಗ.

ಬೆಳಿಗ್ಗೆ ಎಲ್ಲರೂ ಬಸ್ ಬರುವ ದಿಕ್ಕಿಗೆ ಕತ್ತು ಚಾಚಿರುತ್ತಾರೆ, ಮಾತು ಕಿವಿಗೆ ಹೋಗುವುದಿಲ್ಲ. ಸಂಜೆಯ ಸಾಲು ವಾಸಿ. ಅದರಲ್ಲೂ ಬಸ್ ಬದಲಿಸುವ ನಿಲ್ದಾಣಗಳನ್ನು ಆರಿಸಿ. ಅಲ್ಲಿ ಹಲವು ರೂಟಿನ ಜನ ಸಿಗುತ್ತಾರೆ, ಕನೆಕ್ಷನ್ ತಪ್ಪಿದ ಸಿಟ್ಟೂ ಹಸಿಯಾಗಿರುತ್ತದೆ. ಒಂದು ನಿಲ್ದಾಣಕ್ಕೆ ಇಬ್ಬರು. ಮಾತು ಬಸ್ ಬರುವಷ್ಟರಲ್ಲಿ ಮುಗಿಯಬೇಕು, ಅಂದರೆ ಎರಡು ನಿಮಿಷ. ಮೊದಲು ಕೇಳಬೇಕಾದದ್ದು "ಎಷ್ಟು ಹೊತ್ತಾಯ್ತು ಕಾಯ್ತಾ?" ಎಂದು. ಅವರ ಉತ್ತರ ಮುಗಿಯುವ ಮುಂಚೆ ನಿಮ್ಮ ಭಾಷಣ ಶುರುವಾಗಬಾರದು.

ಕೈಯಲ್ಲಿ ಗಟ್ಟಿ ಕಾಗದದ ಚಿಕ್ಕ ಚೀಟಿ ಇರಲಿ. ಹೆಸರು, ಫೋನ್ ನಂಬರ್, ರೂಟ್ ನಂಬರ್, ಮನೆಯ ಪ್ರದೇಶದ ಪಿನ್ ಅಥವಾ ವಾರ್ಡ್. ನಾಲ್ಕೇ ಖಾನೆ. ಐದನೆಯದು ಸೇರಿಸಿದರೆ ಅರ್ಧಕ್ಕೆ ಬಿಟ್ಟು ಬಸ್ ಹತ್ತುತ್ತಾರೆ. ಕ್ಯುಆರ್ ಕೋಡ್ ಇರಲಿ, ಅದೊಂದನ್ನೇ ನಂಬಿ ಕೂರಬೇಡಿ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು ಇರುವವರು ಫೋನ್ ತೆಗೆಯುವುದಿಲ್ಲ. ಪೆನ್ಸಿಲ್ ಕೊಡಿ, ಮಳೆ ಹನಿಗೆ ಇಂಕು ಕಲಸಿಹೋಗುತ್ತದೆ. ಚೀಟಿಗಳನ್ನು ಅದೇ ರಾತ್ರಿ ಪಟ್ಟಿಗೆ ಏರಿಸಿ, ಎರಡು ದಿನದೊಳಗೆ ಫೋನ್ ಮಾಡಿ. ವಾರ ಕಳೆದರೆ ನೀವು ಯಾರೆಂದೇ ಅವರಿಗೆ ನೆನಪಿರುವುದಿಲ್ಲ. ಆ ನಂಬರುಗಳನ್ನು ಯಾವ ಪಕ್ಷಕ್ಕೂ ಕೊಡಬೇಡಿ. ಒಬ್ಬರಿಗೆ ಚುನಾವಣೆಯ ಮೆಸೇಜು ಹೋದರೂ ಇಡೀ ಸ್ಟಾಪಿಗೆ ಸುದ್ದಿಯಾಗುತ್ತದೆ.

ಪಿನ್ ಅಥವಾ ವಾರ್ಡ್ ಏಕೆ ಮುಖ್ಯ ಎಂದರೆ, ಸಹಿಗಳನ್ನು ಪ್ರತಿನಿಧಿಯ ಕ್ಷೇತ್ರದಂತೆ ವಿಂಗಡಿಸಿ ಕೊಡಬೇಕು. "ಸಾವಿರಾರು ಜನ ಸಹಿ ಹಾಕಿದ್ದಾರೆ" ಎಂಬ ಆನ್‌ಲೈನ್ ಮನವಿಗೆ ಯಾವ ಜನಪ್ರತಿನಿಧಿಯೂ ಹೆದರುವುದಿಲ್ಲ, ಅದರಲ್ಲಿ ತನ್ನ ಮತದಾರ ಎಷ್ಟೆಂದು ಗೊತ್ತಿರುವುದಿಲ್ಲ. ಅವರದೇ ಕ್ಷೇತ್ರದ ನಲವತ್ತು ಹೆಸರು, ನಲವತ್ತು ರೂಟ್ ನಂಬರ್ ಮೇಜಿನ ಮೇಲಿಟ್ಟರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಸಭೆಗೆ "ಬರ್ತೀನಿ" ಅಂದವರಲ್ಲಿ ಅರ್ಧದಷ್ಟು ಬರುತ್ತಾರೆ ಎಂದು ಸಂಘಟಕರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಮೂವತ್ತು ಜನ ಬೇಕಿದ್ದರೆ ಅರವತ್ತು ಜನರಿಂದ ಖಚಿತ ಮಾತು ಪಡೆಯಬೇಕು, ಹಿಂದಿನ ದಿನ ಮತ್ತೆ ಫೋನ್ ಮಾಡಬೇಕು. ಸಭೆ ಇಡುವುದಾದರೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಮೊದಲು ನೋಡಿ. ಬಸ್ ಪ್ರಯಾಣಿಕರ ಸಭೆಯನ್ನು ಬಸ್ ಹೋಗದ ಜಾಗದಲ್ಲಿ ಇಟ್ಟ ಉದಾಹರಣೆಗಳಿಗೆ ಬರವಿಲ್ಲ.

ಡ್ರೈವರ್, ಕಂಡಕ್ಟರುಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ತಡವಾಗಿ ಬಂದ ಬಸ್ಸಿನ ಕೋಪ ಎದುರಿಗಿರುವ ನೌಕರನ ಮೇಲೆ ತಿರುಗುವುದು ಸಹಜ. ಸಂಘಟನೆ ಆ ಕೋಪಕ್ಕೆ ಬಾಯಿ ಕೊಟ್ಟ ದಿನ ನೌಕರರ ಸಂಘ ಎದುರಾಳಿಯಾಗುತ್ತದೆ. ಬಸ್ ನಂಬರಿನ ಜೊತೆ ಡ್ರೈವರ್ ಫೋಟೊ ಹಾಕುವುದನ್ನು ಮೊದಲ ಸಭೆಯಲ್ಲೇ ನಿಷೇಧಿಸಿ. ಯಾವ ರೂಟಿನಲ್ಲಿ ಸುತ್ತಿನ ಸಮಯ ಸಾಲುವುದಿಲ್ಲ, ಯಾವ ಡಿಪೋದಲ್ಲಿ ಬಿಡಿಭಾಗ ಇಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ವರದಿಯಲ್ಲೂ ಸಿಗದು. ಆದರೆ ಸಾರಿಗೆ ತೆರಿಗೆಯನ್ನು ಜನರ ಮತಕ್ಕೆ ಹಾಕಿದಾಗ ಹಲವು ದೇಶಗಳಲ್ಲಿ ಸಾರ್ವಜನಿಕ ಸಂಸ್ಥೆ ತನ್ನ ಹಣ, ಸಿಬ್ಬಂದಿ ಸಮಯ ಬಳಸಿ ಮತ ಪ್ರಚಾರ ಮಾಡುವಂತಿಲ್ಲ. ಮಾಹಿತಿ ಕೊಡಬಹುದು, "ಹೌದು ಎಂದು ಮತ ಹಾಕಿ" ಎನ್ನುವಂತಿಲ್ಲ. ಆ ಗೆರೆಯನ್ನು ನೀವಾಗಿ ದಾಟಿಸಬೇಡಿ, ಎದುರಾಳಿಗಳು ಕಾಯುತ್ತಿರುವುದೇ ಅದಕ್ಕೆ.

ಎಣಿಸಿ

ಲಾಸ್ ಏಂಜಲೀಸ್‌ನ ಪ್ರಯಾಣಿಕರ ಸಂಘ ಬಸ್ ರೈಡರ್ಸ್ ಯೂನಿಯನ್ ಮತ್ತು ಅದರ ಜೊತೆಗಾರರು 1994ರಲ್ಲಿ ಸಾರಿಗೆ ಸಂಸ್ಥೆಯ ವಿರುದ್ಧ ಕೋರ್ಟಿಗೆ ಹೋದರು. 1996ರಲ್ಲಿ ರಾಜಿಯಾಯಿತು. ಆ ಒಪ್ಪಂದದ ಜೀವಾಳ ಒಂದು ಸಂಖ್ಯೆ: ಸೀಟಿಗೆ ಹೋಲಿಸಿದರೆ ಪ್ರಯಾಣಿಕರ ಪ್ರಮಾಣ ಹಂತ ಹಂತವಾಗಿ ಇಳಿದು 2002ರ ಹೊತ್ತಿಗೆ 1.2 ದಾಟಬಾರದು. 43 ಸೀಟಿನ ಬಸ್ಸಿನಲ್ಲಿ ನಿಂತವರು ಎಂಟರಷ್ಟು. "ಬಸ್ ತುಂಬಿ ತುಳುಕುತ್ತಿದೆ" ಎನ್ನುವುದನ್ನು ಯಾರೂ ಅಳೆಯಲಾರರು, ಎಂಟು ಜನರನ್ನು ಯಾರು ಬೇಕಾದರೂ ಎಣಿಸಬಹುದು.

ನೀವೂ ಅಳೆಯಿರಿ. ಸ್ಟಾಪಿನಲ್ಲಿ ಇಬ್ಬರು, ಒಬ್ಬರು ಬಸ್ ನೋಡುವವರು, ಒಬ್ಬರು ಬರೆಯುವವರು. ಖಾನೆಗಳು: ರೂಟ್, ವೇಳಾಪಟ್ಟಿಯ ಸಮಯ, ಬಂದ ಸಮಯ, ನಿಂತವರು, ಹತ್ತಲಾಗದೆ ಉಳಿದವರು, ನಿಲ್ಲಿಸದೆ ಹೋಯಿತೇ, ಗಾಲಿಕುರ್ಚಿಯವರಿಗೆ ಹತ್ತಲು ಆಯಿತೇ. ಮಂಗಳವಾರದಿಂದ ಗುರುವಾರ, ಎರಡು ವಾರ, ಒಂದೇ ಹೊತ್ತು. ಸೋಮವಾರ, ಶುಕ್ರವಾರ, ರಜೆಯ ಆಸುಪಾಸು ಎಣಿಸಿದರೆ "ಅದು ಸಾಮಾನ್ಯ ದಿನ ಅಲ್ಲ" ಎಂದು ಅಧಿಕಾರಿಗಳು ಒಂದೇ ಮಾತಿನಲ್ಲಿ ತಳ್ಳುತ್ತಾರೆ. ಮಳೆ ಬಂದ ದಿನ ಪಕ್ಕದಲ್ಲಿ ಬರೆಯಿರಿ. ಸಂಸ್ಥೆ ಬಸ್ಸುಗಳ ಜಿಪಿಎಸ್ ಮಾಹಿತಿಯನ್ನು ಸಾರ್ವಜನಿಕವಾಗಿ ಬಿಡುತ್ತಿದ್ದರೆ ಅದಕ್ಕೆ ತಾಳೆ ನೋಡಿ. ಆದರೆ ಹತ್ತಲಾಗದೆ ಉಳಿದವರು ಯಾವ ಜಿಪಿಎಸ್‌ನಲ್ಲೂ, ಯಾವ ಟಿಕೆಟ್ ಲೆಕ್ಕದಲ್ಲೂ ಕಾಣುವುದಿಲ್ಲ. ನಿಮ್ಮ ಹಾಳೆಯ ಬೆಲೆ ಇರುವುದು ಆ ಖಾನೆಯಲ್ಲಿ.

ಸಂಸ್ಥೆ "ಸರಾಸರಿ 15 ನಿಮಿಷಕ್ಕೊಂದು ಬಸ್ ಇದೆ" ಎಂದಾಗ ಈ ಲೆಕ್ಕ ಇಟ್ಟುಕೊಂಡಿರಿ. ಬಸ್ಸುಗಳು ನಿಜಕ್ಕೂ 15 ನಿಮಿಷದ ಅಂತರದಲ್ಲಿ ಬಂದರೆ ಕಾಯುವ ಸರಾಸರಿ ಏಳೂವರೆ ನಿಮಿಷ. ಎರಡು ಬಸ್ ಜೋಡಿಯಾಗಿ ಬಂದು, ಅಂತರ 2, 28, 2, 28 ಆದರೂ ಗಂಟೆಗೆ ನಾಲ್ಕೇ ಬಸ್, ಸರಾಸರಿ ಅಂತರ ಅದೇ 15. ಕಾಯುವ ಸರಾಸರಿ ಮಾತ್ರ 13 ನಿಮಿಷ ದಾಟುತ್ತದೆ, ಏಕೆಂದರೆ ಸ್ಟಾಪಿಗೆ ಬರುವ ಬಹುಪಾಲು ಜನ ಆ 28 ನಿಮಿಷದ ಸಂದಿಯಲ್ಲೇ ಬಂದು ಸಿಕ್ಕಿಕೊಳ್ಳುತ್ತಾರೆ. ಸೂತ್ರ: ಪ್ರತಿ ಅಂತರದ ವರ್ಗ ಮಾಡಿ ಕೂಡಿಸಿ, ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. ಈ ಒಂದು ಹಾಳೆ ಸಭೆಯ ಗಾಳಿಯನ್ನೇ ಬದಲಿಸುತ್ತದೆ.

ಬಜೆಟ್ಟಿನ ಗಡಿಯಾರ

ಸಾರ್ವಜನಿಕ ಅಹವಾಲು ಸಭೆ ನಡೆಯುವ ಹೊತ್ತಿಗೆ ಅಂಕಿಗಳು ಬಹುಪಾಲು ಗಟ್ಟಿಯಾಗಿರುತ್ತವೆ. ಇಲಾಖೆಗಳು ತಮ್ಮ ಕೋರಿಕೆ ಕಳಿಸುವುದು ಬಜೆಟ್ ಮಂಡನೆಗೆ ತಿಂಗಳುಗಳ ಮುಂಚೆ. ಆದ್ದರಿಂದ ಮಂಡನೆಯ ದಿನದಿಂದ ಹಿಂದಕ್ಕೆ ಎಣಿಸಿ: ಆರು ತಿಂಗಳ ಮುಂಚೆ ಸ್ಟಾಪಿನ ಎಣಿಕೆ ಮುಗಿದಿರಬೇಕು, ಐದನೆಯ ತಿಂಗಳಿಗೆ ಸಂಸ್ಥೆಯ ಯೋಜನಾ ವಿಭಾಗದವರನ್ನು ಕಂಡಿರಬೇಕು, ನಾಲ್ಕನೆಯದಕ್ಕೆ ಹಣಕಾಸು ಸಮಿತಿಯ ಸದಸ್ಯರನ್ನು ಒಬ್ಬೊಬ್ಬರಾಗಿ. ಸಮಿತಿಯಲ್ಲಿ ಇಲ್ಲದವರ ಮನೆ ಬಾಗಿಲು ತಟ್ಟಿ ಕಾಲ ಕಳೆಯುವುದು ಹೊಸಬರ ರೂಢಿ.

ಅಹವಾಲಿನಲ್ಲಿ ಒಬ್ಬರಿಗೆ ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ. ಇನ್ನೂರು ಪದ ದಾಟದಂತೆ ಬರೆದುಕೊಳ್ಳಿ. ಹೆಸರು, ಕ್ಷೇತ್ರ, ರೂಟ್, ಒಂದು ನಿರ್ದಿಷ್ಟ ತೊಂದರೆ, ಒಂದು ಅಂಕಿ, ಕೊನೆಗೆ ಬೇಡಿಕೆ. ಹತ್ತು ಜನ ಒಂದೇ ಕಾಗದ ಓದಿದರೆ ಮೂರನೆಯವರ ಹೊತ್ತಿಗೆ ಸದಸ್ಯರು ಫೋನ್ ನೋಡುತ್ತಿರುತ್ತಾರೆ. ಒಬ್ಬರು ರಾತ್ರಿ ಪಾಳಿಯ ಬಗ್ಗೆ, ಒಬ್ಬರು ಗಾಲಿಕುರ್ಚಿಯ ಬಗ್ಗೆ, ಒಬ್ಬರು ಕಾಲೇಜಿನ ಬಗ್ಗೆ, ಒಬ್ಬ ಅಂಗಡಿಯವರು ಗಿರಾಕಿಗಳ ಬಗ್ಗೆ. ಬೇಡಿಕೆಯ ಸಾಲು ಮಾತ್ರ ಎಲ್ಲರದೂ ಅಕ್ಷರಶಃ ಒಂದೇ ಇರಲಿ. ಸಭೆಗಳು ಕೆಲಸದ ಹೊತ್ತಿನಲ್ಲೇ ಇರುವುದರಿಂದ ಬರಲಾಗದವರ ಲಿಖಿತ ಹೇಳಿಕೆಯನ್ನು ಮುಂಚೆಯೇ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಮತದಾನಕ್ಕೆ ಹೋಗುವ ಪ್ರಸ್ತಾಪವಾದರೆ ಮೊದಲು ತಿಳಿಯಬೇಕಾದದ್ದು ಗೆಲ್ಲಲು ಎಷ್ಟು ಬೇಕು ಎಂಬುದು. ಲಾಸ್ ಏಂಜಲೀಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಸಾರಿಗೆ ತೆರಿಗೆಯ ಪ್ರಸ್ತಾಪಕ್ಕೆ ಮೂರನೇ ಎರಡರಷ್ಟು ಮತ ಬೇಕಿತ್ತು. ಇಂಥ ಪ್ರಸ್ತಾಪಕ್ಕೆ ಅಲ್ಲಿ ಮೆಷರ್ ಎನ್ನುತ್ತಾರೆ. 2008ರ ಮೆಷರ್ ಆರ್ ಸುಮಾರು ಶೇ. 68 ಪಡೆದು ಗೆದ್ದಿತು. 2012ರ ಮೆಷರ್ ಜೆ ಶೇ. 66ರ ಮೇಲೆ ಪಡೆದರೂ ಅರ್ಧ ಶೇಕಡಾದಷ್ಟರಲ್ಲಿ ಬಿದ್ದಿತು. 2016ರ ಮೆಷರ್ ಎಂ ಶೇ. 71 ದಾಟಿತು. ಬಸ್ ಹತ್ತುವವರ ಮತದಿಂದಷ್ಟೇ ಇಂಥ ಗೆರೆ ದಾಟಲಾಗದು. ಎಂದೂ ಬಸ್ ಹತ್ತದವರು ಏಕೆ ದುಡ್ಡು ಕೊಡಬೇಕು ಎಂಬುದಕ್ಕೆ ಉತ್ತರ ಸಿದ್ಧವಿರಬೇಕು: ಅವರ ಮನೆಗೆ ಬರುವ ನರ್ಸು, ಅವರ ಅಂಗಡಿಯ ಕೆಲಸದವರು, ಲೈಸೆನ್ಸ್ ಇಲ್ಲದ ಅವರ ಮಕ್ಕಳು, ಕಾರು ಓಡಿಸುವುದನ್ನು ಬಿಟ್ಟ ಅವರ ತಂದೆತಾಯಿ.

ಸೋತವರಿಂದ

ಕೆನಡಾದ ವ್ಯಾಂಕೂವರ್ ಪ್ರದೇಶದಲ್ಲಿ 2015ರಲ್ಲಿ ಅಂಚೆ ಮತದಾನ ನಡೆಯಿತು. ಸಾರಿಗೆಗೆ ಕೇಳಿದ್ದು ಅರ್ಧ ಶೇಕಡಾ ಮಾರಾಟ ತೆರಿಗೆ. ಮೇಯರುಗಳು, ಕಾರ್ಮಿಕ ಸಂಘಗಳು, ಉದ್ಯಮಿಗಳು, ವಿದ್ಯಾರ್ಥಿಗಳು ಎಲ್ಲ ಒಂದೇ ಕಡೆ. ಫಲಿತಾಂಶ: ಶೇ. 61.7 ಬೇಡ. ಜನ ತಿರಸ್ಕರಿಸಿದ್ದು ಬಸ್ಸನ್ನಲ್ಲ, ಅಲ್ಲಿಯ ಸಾರಿಗೆ ನಡೆಸುವ ಟ್ರಾನ್ಸ್‌ಲಿಂಕ್ ಸಂಸ್ಥೆಯನ್ನು. ಹಿಂದಿನ ಬೇಸಿಗೆಯಲ್ಲಿ ಅದರ ನಗರ ರೈಲು ಸ್ಕೈಟ್ರೇನ್ ಕೆಟ್ಟು ಸಾವಿರಾರು ಜನ ಸಿಕ್ಕಿಕೊಂಡಿದ್ದರು. ಪ್ರಚಾರದ ನಡುವೆಯೇ ಮುಖ್ಯಸ್ಥರನ್ನು ಬದಲಿಸಿ ಹಳಬರಿಗೂ ಹೊಸಬರಿಗೂ ಸಂಬಳ ಕೊಡುವ ಸ್ಥಿತಿ ಬಂತು. ವಿರೋಧಿಗಳಿಗೆ ಬೇರೇನೂ ಬೇಕಾಗಲಿಲ್ಲ. ಸಂಸ್ಥೆಯ ಮೇಲೆ ಸಿಟ್ಟಿರುವ ಊರಿನಲ್ಲಿ ಪ್ರಯಾಣಿಕರ ಸಂಘಟನೆ ಸಂಸ್ಥೆಯ ವಕೀಲನಂತೆ ಮಾತಾಡಬಾರದು. ಸ್ವತಂತ್ರ ಮೇಲ್ವಿಚಾರಣಾ ಸಮಿತಿ, ವಾರ್ಷಿಕ ಲೆಕ್ಕ ತಪಾಸಣೆ ಇವನ್ನು ನಾವೇ ಬೇಡಿಕೆಯಾಗಿ ಇಡಬೇಕು.

ಅಮೆರಿಕದ ನ್ಯಾಶ್‌ವಿಲ್ ನಗರ 2018ರ ಮೇ ತಿಂಗಳಲ್ಲಿ ಲೈಟ್ ರೈಲು (ನಗರದೊಳಗಿನ ಹಗುರ ರೈಲು) ಕೇಂದ್ರಿತ ದೊಡ್ಡ ಯೋಜನೆಯನ್ನು ಸುಮಾರು ಶೇ. 64ರಷ್ಟು ಮತದಿಂದ ತಿರಸ್ಕರಿಸಿತು. ಅದೇ ನಗರ 2024ರ ನವೆಂಬರಿನಲ್ಲಿ ಅರ್ಧ ಶೇಕಡಾ ತೆರಿಗೆಗೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹೌದು ಎಂದಿತು. ಎರಡನೆಯದರಲ್ಲಿ ಇದ್ದದ್ದು ದಿನದ 24 ಗಂಟೆ ಬಸ್, ಫುಟ್‌ಪಾತ್, ಸಿಗ್ನಲ್. ತನ್ನ ಮನೆ ಮುಂದೆ ಏನು ಬರುತ್ತದೆಂದು ಪ್ರತಿಯೊಬ್ಬರೂ ಬೆರಳಿಟ್ಟು ತೋರಿಸಬಹುದಿತ್ತು.

ನನಗೆ ಹೆಚ್ಚು ಇಷ್ಟವಾದದ್ದು ಸಿಯಾಟಲ್‌ನ ನಡೆ. 2014ರ ಏಪ್ರಿಲ್‌ನಲ್ಲಿ ಆ ನಗರ ಸೇರಿರುವ ಇಡೀ ಕಿಂಗ್ ಕೌಂಟಿಯಲ್ಲಿ ಸಾರಿಗೆಗೆ ಹಣ ಕೇಳುವ ಪ್ರಸ್ತಾಪ ಸೋತಿತು. ನಗರದೊಳಗೆ ಮಾತ್ರ ಬೆಂಬಲ ಇದ್ದದ್ದನ್ನು ನೋಡಿ ಅದೇ ನವೆಂಬರಿನಲ್ಲಿ ನಗರವೊಂದೇ ಮತಕ್ಕೆ ಹೋಯಿತು: ವಾಹನಕ್ಕೆ ವರ್ಷಕ್ಕೆ 60 ಡಾಲರ್, ಜೊತೆಗೆ 0.1 ಶೇಕಡಾ ಮಾರಾಟ ತೆರಿಗೆ, ಬಡವರಿಗೆ 20 ಡಾಲರ್ ವಾಪಸು. ಗೆದ್ದಿತು. ಆ ಹಣದಿಂದ ನಗರ ಕೌಂಟಿಯ ಸಂಸ್ಥೆಯಿಂದ ಹೆಚ್ಚುವರಿ ಸರ್ವೀಸ್ ಗಂಟೆಗಳನ್ನು ಖರೀದಿಸಿತು. ಅಟ್ಲಾಂಟಾ ಪಕ್ಕದ ಕ್ಲೇಟನ್ ಕೌಂಟಿಯಲ್ಲಿ 2010ರ ಮಾರ್ಚ್ ಕೊನೆಗೆ ಹಣವಿಲ್ಲದೆ ಎಲ್ಲ ಬಸ್ಸೂ ನಿಂತಿದ್ದವು. 2014ರಲ್ಲಿ ಅಲ್ಲಿಯ ಮತದಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಶೇಕಡಾ ತೆರಿಗೆಗೆ ಒಪ್ಪಿದರು, ಮರು ಮಾರ್ಚ್‌ನಲ್ಲಿ ಬಸ್ ಮರಳಿತು. ಪ್ರದೇಶ ಇಡಿಯಾಗಿ ಒಪ್ಪದಿದ್ದರೆ ಒಪ್ಪುವ ಭಾಗದಿಂದ ಶುರು ಮಾಡುವುದು ಸೋಲಲ್ಲ.

ಸಹಿ ಬಿದ್ದ ಮೇಲೆ

ಹೊಸ ಹಣ ಒಂದು ಬಾಗಿಲಿನಿಂದ ಬಂದಾಗ ಹಳೆಯ ಅನುದಾನ ಇನ್ನೊಂದರಿಂದ ಹೊರಹೋಗುವುದು ಎಲ್ಲ ಕಡೆ ನಡೆಯುವ ಆಟ. "ಈಗ ನಿಮಗೆ ಸೆಸ್ ಇದೆಯಲ್ಲ" ಎಂದು ಸಾಮಾನ್ಯ ಬಜೆಟ್ಟಿನ ಪಾಲು ಕತ್ತರಿಸುತ್ತಾರೆ. ಕೊನೆಯಲ್ಲಿ ಬಸ್ಸು ಅಷ್ಟೇ ಇರುತ್ತವೆ, ತೆರಿಗೆ ಮಾತ್ರ ಹೆಚ್ಚಾಗಿರುತ್ತದೆ. ಇದನ್ನು ತಡೆಯಲು ಕಾನೂನಿನ ಪಠ್ಯದಲ್ಲೇ ಮೂರು ಅಂಶ ಬೇಕು: ಈಗಿನ ಅನುದಾನ ಯಾವ ವರ್ಷದ ಮಟ್ಟಕ್ಕಿಂತ ಇಳಿಯಬಾರದು, ಹೊಸ ಹಣದಲ್ಲಿ ಕನಿಷ್ಠ ಎಷ್ಟು ಪಾಲು ಕಾರ್ಯಾಚರಣೆಗೆ, ವರ್ಷಕ್ಕೆ ಎಷ್ಟು ಸರ್ವೀಸ್ ಗಂಟೆ. ಭಾಷಣದಲ್ಲಿ ಕೊಟ್ಟ ಭರವಸೆ ಲೆಕ್ಕಕ್ಕಿಲ್ಲ.

ಜನರಿಗೆ ಕಾಲಾವಧಿಯನ್ನು ಮೊದಲೇ ಹೇಳಿಬಿಡಿ. ಡ್ರೈವರುಗಳ ನೇಮಕ, ತರಬೇತಿಗೆ ತಿಂಗಳುಗಳು ಬೇಕು. ಹೊಸ ಬಸ್ಸಿಗೆ ಆರ್ಡರ್ ಕೊಟ್ಟರೆ ಕೈಗೆ ಬರಲು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೊದಲು ಬರಬಹುದಾದದ್ದು ರಾತ್ರಿಯ ಮತ್ತು ಭಾನುವಾರದ ಟ್ರಿಪ್. ಹೊಸ ವೇಳಾಪಟ್ಟಿ ಜಾರಿಗೆ ಬಂದ ಮೂರನೆಯ ವಾರ, ಹಿಂದೆ ಎಣಿಸಿದ್ದ ಅದೇ ಸ್ಟಾಪುಗಳಲ್ಲಿ, ಅದೇ ಹೊತ್ತಿಗೆ, ಅದೇ ಖಾನೆಗಳ ಹಾಳೆ ಹಿಡಿದು ಮತ್ತೆ ಎಣಿಸಿ. ಮೊದಲ ಎರಡು ವಾರ ಬೇಡ. ಡ್ರೈವರುಗಳಿಗೆ ಹೊಸ ಡ್ಯೂಟಿ ಇನ್ನೂ ಕೂತಿರುವುದಿಲ್ಲ, ಅಂಕಿ ಅನ್ಯಾಯವಾಗಿ ಕೆಟ್ಟದಾಗಿ ಬರುತ್ತದೆ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಮೇಲ್ವಿಚಾರಣಾ ಸಮಿತಿಗೆ ಒಂದು ಪ್ರತಿ, ಸ್ಟಾಪಿನ ಕಂಬಕ್ಕೆ ಒಂದು ಪ್ರತಿ.